ಡಾರ್ಕಸ್‌ಗೆ ಸಿಗದ ಕಿತ್ತಳೆ ಬಣ್ಣ

ನಾರಿಚ್ ಊರಿನಲ್ಲಿ ಗಂಡನ ಚಿತ್ರ ಬರೆಸಿದ ಮನೆಗಳು ಎಷ್ಟಿವೆಯೋ ನನಗೆ ಗೊತ್ತಿಲ್ಲ. ನಾಯಿಯ ಚಿತ್ರ ಬರೆಸದ ಮನೆ ಮಾತ್ರ ನಮ್ಮ ಬೀದಿಯಲ್ಲಿ ಒಂದೂ ಇಲ್ಲ. ನಾಯಿ ಇಲ್ಲದವರು ಬೆಕ್ಕಿನದು ಬರೆಸುತ್ತಾರೆ, ಬೆಕ್ಕೂ ಇಲ್ಲದವರು ಕ್ಯಾನರಿ ಹಕ್ಕಿಯದು. ಅವುಗಳಲ್ಲಿ ಮುಕ್ಕಾಲು ಪಾಲು ಡಾರ್ಕಸ್ ಅಟಿಂಗ್ ಬರೆದವು. ಅವಳ ಮಾತು ಎತ್ತಿದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೈಯಲ್ಲಿ ಬಿಯರ್ ಜಗ್ಗು ಇದ್ದರೆ ಅದು ಚೆಲ್ಲಿತೆಂದೇ ಲೆಕ್ಕ.

ನಾನು ಹ್ಯಾನಾ ಮೇಸ್. ಗಂಡ ತೀರಿಕೊಂಡ ಮೇಲೆ ಅವನ ಪಡಖಾನೆಯನ್ನು ನಾನೇ ನಡೆಸುತ್ತಿದ್ದೇನೆ. ಅದರ ಹೆಸರು 'ಕೆಂಪು ಸಿಂಹ'. ಬಾಗಿಲ ಮೇಲಿನ ಹಲಗೆಗೆ ಸಿಂಹ ಬರೆದವನು ಡಾರ್ಕಸ್‌ಳ ಅಪ್ಪ. ಆ ಪುಣ್ಯಾತ್ಮ ಸಿಂಹ ನೋಡಿರಲಿಲ್ಲ, ಕುರಿ ಬೇಕಾದಷ್ಟು ನೋಡಿದ್ದ. ಹಾಗಾಗಿ ಊರೆಲ್ಲ ನಮ್ಮದನ್ನು 'ಕುರಿ' ಎಂದೇ ಕರೆಯುತ್ತದೆ. ಅವನು ಏಣಿ ಹತ್ತಿ ಬರೆಯುತ್ತಿದ್ದಾಗ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ ಪುಟ್ಟ ಹುಡುಗಿ ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು, "ಅಪ್ಪಾ, ಅದು ಕುರಿ ಕಣಪ್ಪಾ!"

"ಬಾಯ್ಮುಚ್ಕೊಂಡು ಡಬ್ಬಿ ಹಿಡ್ಕೊ," ಎಂದಿದ್ದ ಅಪ್ಪ.

ಅಪ್ಪ ಹೋದ ಮೇಲೆ ಕುಂಚ ಅವಳ ಪಾಲಿಗೆ ಬಂತು, ಏಣಿ ಬರಲಿಲ್ಲ. ಲಂಗ ಉಟ್ಟವಳು ಏಣಿ ಹತ್ತಿ ಹಲಗೆ ಬರೆಯುವುದನ್ನು ಈ ಊರು ಒಪ್ಪೀತೇ? ಏನು ಮಾಡುವುದೆಂದು ನಮ್ಮ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಾಗ ಬಟ್ಟೆ ವ್ಯಾಪಾರಿಯ ಹೆಂಡತಿ ಮಿಸೆಸ್ ಥರ್ಟಲ್ ತನ್ನ ನಾಯಿಯನ್ನು ಎತ್ತಿಕೊಂಡು ಬಂದಳು. ಬಟನ್ ಎಂಬ ಹೆಸರಿನ, ಮೂತಿ ಚಪ್ಪಟೆಯಾದ, ಸದಾ ಗೊರಗುಟ್ಟುವ ಬೊಜ್ಜು ನಾಯಿ. "ಇದಕ್ಕೆ ವಯಸ್ಸಾಯ್ತು ಡಾರ್ಕಸ್, ಇರೋವಾಗ್ಲೇ ಒಂದು ಚಿತ್ರ ಮಾಡ್ಕೊಡು. ಸೊಂಟ ಸ್ವಲ್ಪ ಸಣ್ಣ ಮಾಡು," ಎಂದಳು. ಡಾರ್ಕಸ್ ಸೊಂಟ ಸಣ್ಣ ಮಾಡಲಿಲ್ಲ. ಬಟನ್ ಹೇಗಿತ್ತೋ ಹಾಗೆಯೇ ಬರೆದಳು, ಕಣ್ಣಂಚಿನ ನೀರು ಸಮೇತ. ಮಿಸೆಸ್ ಥರ್ಟಲ್ ನೋಡಿದವಳೇ ಚಿತ್ರವನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಮರುವಾರದಿಂದ ಡಾರ್ಕಸ್‌ಗೆ ಬಿಡುವೇ ಇಲ್ಲ!

ಅವಳು ಕೆಲಸ ಮಾಡುವ ರೀತಿ ನೋಡಬೇಕಿತ್ತು ನೀವು. ಮೊದಲ ದಿನ ಕುಂಚ ಮುಟ್ಟುತ್ತಿರಲಿಲ್ಲ. ಬೂಟು ಕಳಚಿ ನೆಲದ ಮೇಲೆ ಮೂಲೆಯಲ್ಲಿ ಕೂರುವುದು, ಅಷ್ಟೇ. ಬೆಕ್ಕು ಮಲಗುವ ಹಾಸಿಗೆಗೆ ಅಂಗೈ ಉಜ್ಜಿಕೊಂಡು, ಆ ವಾಸನೆ ಹಿಡಿಸಿಕೊಂಡು, ಬೆಕ್ಕು ತಾನಾಗಿ ಬಂದು ಮೂಸುವವರೆಗೂ ಕಾಯುವುದು. ಸತ್ತು ಹುಲ್ಲು ತುಂಬಿಸಿದ ಪ್ರಾಣಿಯನ್ನು ತಂದರೆ ಮಾತ್ರ ಬಾಗಿಲಿಂದಲೇ ವಾಪಸ್ಸು. ಒಮ್ಮೆ ಪಾದ್ರಿಯ ಮನೆಯ ಆಮೆಯನ್ನು ಬರೆಯಲು ಹೋಗಿದ್ದಳು. "ಇಷ್ಟು ಅಲ್ಲಾಡದೆ ಕೂತವರನ್ನ ನಾನು ನೋಡೇ ಇಲ್ಲ ಮಿಸೆಸ್ ಮೇಸ್," ಎಂದು ಬಂದು ಹೊಗಳಿದಳು. ಮಾರನೆಯ ದಿನ ಬಣ್ಣ ಕಲಸಲು ಅತ್ತ ತಿರುಗುವಷ್ಟರಲ್ಲಿ ಆಮೆ ಕೋಸಿನ ಪಾತಿ ಸೇರಿಬಿಟ್ಟಿತ್ತು, ಪಾದ್ರಿಯೂ ಅವಳೂ ಸಂಜೆಯವರೆಗೆ ಹುಡುಕಿದರು. ಅವಳನ್ನು ಮದುವೆಯಾಗಲು ಒಬ್ಬ ಬ್ರೆಡ್ಡಿನ ಅಂಗಡಿಯವನು ಬಂದಿದ್ದ. ಅವನಿಗೆ ಬೆಕ್ಕು ಕಂಡರೆ ಸೀನು. ಎರಡು ವಾರ ನೋಡಿ ಅವಳೇ ಅವನನ್ನು ಕಳಿಸಿಬಿಟ್ಟಳು.

ಇನ್ನೊಂದು ಗುಣ ಹೇಳದೆ ಮುಂದೆ ಹೋಗಲಾರೆ. ಹೀಗೆ ದಿನಗಟ್ಟಲೆ ಮೂಲೆಯಲ್ಲಿ ಕೂತವಳನ್ನು ಮನೆಯವರು ಮರೆತೇಬಿಡುತ್ತಾರೆ. ಗಂಡ ಹೆಂಡತಿ ಅವಳೆದುರೇ ಜಗಳವಾಡುತ್ತಾರೆ, ಅತ್ತೆಯನ್ನು ಬೈಯುತ್ತಾರೆ, ಅಡಗಿಸಿಟ್ಟ ಬಾಟಲಿ ತೆಗೆಯುತ್ತಾರೆ. ಊರಿನ ಅರ್ಧ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ನಾನು ಬಿಸಿ ಬಿಯರ್ ಕೊಟ್ಟು, ಕಡುಬು ಕೊಟ್ಟು, ಬೆಣ್ಣೆ ಹಚ್ಚಿ ಕೇಳಿದ್ದುಂಟು. "ಮನೆಯೊಳಗೆ ಕಂಡಿದ್ದು ಮನೆಯಲ್ಲೇ ಇರ್ಲಿ. ಒಂದು ಮಾತು ಹೊರಗೆ ಬಂದ್ರೆ ನಾಳೆ ನನ್ನನ್ನ ಯಾರು ಒಳಗೆ ಬಿಡ್ತಾರೆ?" ಎಂದು ಕಡುಬು ತಿಂದು ಹೋಗುತ್ತಿದ್ದಳು. ಎಂಥ ಗಟ್ಟಿ ಹೆಂಗಸು! ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟೆಲ್ಲ ಇದ್ದರೂ ಅವಳಿಗೆ ಒಂದೇ ಒಂದು ಆಸೆ ಉಳಿದಿತ್ತು. ಅದು ನಮ್ಮ ಪಡಖಾನೆಯ ಬೆಂಕಿಗೂಡಿನ ಮೇಲಿನ ಜಾಗ.

ನಮ್ಮೂರಿನಲ್ಲಿ ಬೂಟು ಹೊಲಿಯುವವರಿಗೂ ನೇಕಾರರಿಗೂ ಕ್ಯಾನರಿ ಎಂದರೆ ಪ್ರಾಣ. ಮಕ್ಕಳಿಗೆ ಜ್ವರ ಬಂದರೆ ಹೆಂಡತಿ ನೋಡಿಕೊಳ್ಳುತ್ತಾಳೆ, ಹಕ್ಕಿ ಸೀನಿದರೆ ಗಂಡ ಕೆಲಸ ಬಿಟ್ಟು ಕೂರುತ್ತಾನೆ. ಪ್ರತಿ ನವೆಂಬರಿನಲ್ಲಿ ಒಂದು ಸೋಮವಾರ, ಹೇಗೂ ಸೋಮವಾರ ಬೂಟಿನವರು ಕೆಲಸ ಮುಟ್ಟುವುದಿಲ್ಲ, ಯಾರ ಹಕ್ಕಿ ಹೆಚ್ಚು ಚೆಂದ ಎಂದು ನಮ್ಮಲ್ಲಿ ಪಂದ್ಯ. ಗೆದ್ದವನಿಗೆ ತಾಮ್ರದ ಕೆಟಲು. ಗೆದ್ದ ಹಕ್ಕಿಯ ಚಿತ್ರ ವರ್ಷವಿಡೀ ಬೆಂಕಿಗೂಡಿನ ಮೇಲೆ. ಚಿತ್ರವನ್ನು ಗೆದ್ದವನು ಯಾರ ಕೈಲಿ ಬರೆಸಿದರೂ ಸರಿ, ಆದರೆ ಎಲ್ಲರೂ ಹೋಗುತ್ತಿದ್ದದ್ದು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಸಿಲ್ಲಿಸ್ ಹತ್ತಿರ. ಅವನ ಹಕ್ಕಿಗಳು ಮೊಟ್ಟೆಗೆ ಕೊಕ್ಕು ಅಂಟಿಸಿದ ಹಾಗಿರುತ್ತಿದ್ದವು. ಹೆಂಡತಿಯ ಬೆಕ್ಕಿಗೆ ಡಾರ್ಕಸ್ ಸಾಕು, ಪಂದ್ಯದ ಹಕ್ಕಿಗೆ ಗಂಡಸಿನ ಕೈಯೇ ಬೇಕು ಎಂದು ಈ ಮಹನೀಯರ ತೀರ್ಮಾನ!

ಆ ವರ್ಷ ಆಗಸ್ಟಿನಲ್ಲಿ ನಾನು ಕಡುಬಿನ ಹಿಟ್ಟು ನಾದುತ್ತಿದ್ದೆ. ಹಿತ್ತಿಲ ಬಾಗಿಲು ದಡಾರನೆ ತೆರೆಯಿತು. ಡಾರ್ಕಸ್ ಓಡಿ ಬಂದವಳು ಹಿಟ್ಟಿನ ಕೈಯನ್ನೂ ನೋಡದೆ ನನ್ನನ್ನು ತಬ್ಬಿಕೊಂಡು ಗಿರ್ರನೆ ತಿರುಗಿಸಿಬಿಟ್ಟಳು. ನಲವತ್ತು ದಾಟಿದ ಹೆಂಗಸು!

"ಜಾಬ್ ಲಾರ್ಟರ್ ಕರೆದಿದಾನೆ ಮಿಸೆಸ್ ಮೇಸ್! ಈ ಸಲ ಅವನ ಹಕ್ಕೀನೇ ಗೆಲ್ಲುತ್ತಂತೆ. ಈಗ್ಲೇ ಬರೆದಿಡ್ಬೇಕಂತೆ. ನಾನು! ಸಿಲ್ಲಿಸ್ ಅಲ್ಲ, ನಾನು!"

"ಗೆಲ್ಲದೇ ಹೋದ್ರೆ?"

"ಬಾಯಲ್ಲಿ ಒಳ್ಳೆ ಮಾತು ಬರೋದೇ ಇಲ್ವಾ ನಿಮಗೆ!"

ಜಾಬ್ ಲಾರ್ಟರ್ ನಮ್ಮ ಎದುರುಮನೆಯ ಬೂಟಿನವನು. ಸಿಡುಕ. ಅವನ ಹೆಂಡತಿ ಮರ್ಸಿ ಬಾಯಿ ಸತ್ತವಳು. ಅವರ ಹಕ್ಕಿಯ ಹೆಸರು ಜನರಲ್. ಆಗಿನ್ನೂ ಅದು ಎಲ್ಲ ಹಕ್ಕಿಗಳಂತೆ ಹಳದಿ, ಹಳೆಯ ಗರಿ ಉದುರಿ ಹೊಸದು ಮೂಡುವ ಕಾಲ. ಡಾರ್ಕಸ್ ದಿನಾ ಬೆಳಿಗ್ಗೆ ಬಣ್ಣದ ಪೆಟ್ಟಿಗೆ ಹಿಡಿದು ಬೀದಿ ದಾಟಿ ಒಳಗೆ ಹೋಗುವುದನ್ನು ಇಡೀ ಬೀದಿ ನೋಡುತ್ತಿತ್ತು. ಈ ಮಾತು ನೆನಪಿನಲ್ಲಿರಲಿ, ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾದದ್ದು.

ಹೊಸ ಗರಿ ಹಳದಿಯಾಗಿ ಬರಲಿಲ್ಲ. ಕಿತ್ತಳೆಯಾಗಿ ಬಂತು! ಒಂದೊಂದು ವಾರಕ್ಕೂ ಇನ್ನಷ್ಟು ಕಡು. ಡಾರ್ಕಸ್‌ಗೆ ಹುಚ್ಚೇ ಹಿಡಿಯಿತು. ಹಳದಿಗೆ ಕೆಂಪು ಬೆರೆಸಿದಳು, ಕಂದು ಸೇರಿಸಿದಳು, ಎಲ್ಲ ಕೆರೆದು ಮತ್ತೆ ಬಳಿದಳು. ಬಣ್ಣ ಹತ್ತಿರ ಬಂತು ಎನ್ನುವಷ್ಟರಲ್ಲಿ ಹಕ್ಕಿ ಅದನ್ನೂ ದಾಟಿ ಮುಂದೆ ಹೋಗಿರುತ್ತಿತ್ತು. ಮಧ್ಯಾಹ್ನ ನಮ್ಮಲ್ಲಿಗೆ ಬಂದು ಬ್ರೆಡ್ಡು ಚೀಸು ಮುಂದಿಟ್ಟುಕೊಂಡು ತಿನ್ನದೆ ಕೂರುತ್ತಿದ್ದಳು. "ಸಿಗ್ತಾ ಇಲ್ಲ. ಅದು ಒಳಗಿಂದ ಉರೀತಾ ಇದೆ ಮಿಸೆಸ್ ಮೇಸ್. ನನ್ನ ಹತ್ರ ಇರೋದೆಲ್ಲ ಮೇಲೆ ಬಳಿಯೋ ಬಣ್ಣ," ಎನ್ನುವಳು. ಕಣ್ಣು ಮಾತ್ರ ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು.

ಹಕ್ಕಿ ಹಾಗೆ ಉರಿಯಲು ಕಾರಣ ಇಷ್ಟೇ. ಜಾಬ್ ಅದಕ್ಕೆ ಕೆಂಪು ಮೆಣಸಿನಪುಡಿ ತಿನ್ನಿಸುತ್ತಿದ್ದ, ಆ ಬಣ್ಣ ಹೊಸ ಗರಿಗೆ ಇಳಿಯುತ್ತಿತ್ತು. ಪಂದ್ಯದ ಹಕ್ಕಿಗೆ ಬಣ್ಣ ಬಳಿದರೆ ಮೋಸ, ತಿನ್ನಿಸಿದರೆ ಮೋಸವಲ್ಲ. ಬೇಯಿಸಿದ ಮೊಟ್ಟೆಗೆ ಕಲಸಿ ಮರ್ಸಿ ತಿನ್ನಿಸಬೇಕು, ಡಾರ್ಕಸ್ ಇರುವಾಗ ಡಬ್ಬಿ ಹೊರಗೆ ತೆಗೆಯಕೂಡದು ಎಂದು ಅವನ ಕಟ್ಟಪ್ಪಣೆ. ಆದರೆ ಮೂಲೆಯಲ್ಲಿದ್ದವಳನ್ನು ಮರ್ಸಿಯೂ ಮರೆತಳು. ಒಂದು ದಿನ ಬಾಗಿಲ ಸಂದಿಯಿಂದ ಡಾರ್ಕಸ್ ಎಲ್ಲ ನೋಡಿದಳು, ಪುಡಿಯ ಘಾಟಿಗೆ ಮರ್ಸಿ ಅಕ್ಷೀ ಎಂದದ್ದೂ ಸೇರಿ. ನೋಡಿ ಸುಮ್ಮನಾದಳು. ನೋಡಿದ್ದು ಮರ್ಸಿಗೂ ಗೊತ್ತಾಗಲಿಲ್ಲ, ಜಾಬ್‌ಗೂ ಗೊತ್ತಾಗಲಿಲ್ಲ. ನನಗಂತೂ ಎಲ್ಲ ಮುಗಿದ ಮೇಲೆ ತಿಳಿಯಿತು.

ಪಂದ್ಯದ ಸೋಮವಾರ! ಹೊರಗೆ ಹೊಳೆಯ ಕಡೆಯಿಂದ ಮಂಜು, ಒಳಗೆ ಕಾಲಿಡಲು ಜಾಗವಿಲ್ಲ. ಹೊಗೆ, ಬಿಯರ್, ಮೇಜಿನ ತುಂಬ ಪಂಜರ, ನೆಲದ ತುಂಬ ಹಕ್ಕಿ ಚೆಲ್ಲಿದ ಕಾಳು. ಗುಡಿಸುವವಳು ನಾನು, ಆ ಮಾತು ಬೇರೆ. ಬೆಳಿಗ್ಗೆಯೇ ಡಾರ್ಕಸ್ ಚಿತ್ರಕ್ಕೆ ಬಟ್ಟೆ ಸುತ್ತಿ ತಂದು ನನ್ನ ಗಲ್ಲಾದ ಹಿಂದೆ ಇಟ್ಟಿದ್ದಳು. ನಾನು ಬಟ್ಟೆ ಸರಿಸಿ ನೋಡಿ ಬೆಚ್ಚಿಬಿದ್ದೆ. ಹಕ್ಕಿ ನನ್ನನ್ನೇ ನೋಡುತ್ತಿತ್ತು! ಸಿಲ್ಲಿಸ್‌ನ ಮೊಟ್ಟೆಗಳನ್ನು ಇವತ್ತಿಗೇ ಒಲೆಗೆ ಹಾಕಬಹುದು ಎಂದುಕೊಂಡೆ.

ಜಾಬ್ ಪಂಜರದ ಮುಸುಕು ತೆಗೆದ. ಎಲ್ಲರ ಕತ್ತೂ ಅತ್ತ ತಿರುಗಿತು. ಅಂಥ ಹಕ್ಕಿಯನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ. ಆ ಮಂಜಿನ ದಿನದಲ್ಲಿ ಕೋಣೆಗೇ ಬೆಳಕು ಬಂದಂತಾಯಿತು.

ಮೊದಲು ಬಾಯಿಬಿಟ್ಟವನು ಗೂಚ್. ಅವನು ನೇಕಾರ, ಸಾಲಾಗಿ ಮೂರು ಕೆಟಲು ಗೆದ್ದವನು, ಆಗ ಗೋಡೆಯ ಮೇಲಿದ್ದದ್ದು ಅವನದೇ ಹಕ್ಕಿಯ ಚಿತ್ರ.

"ಇದು ಹಕ್ಕೀನಾ, ಬಣ್ಣದ ಡಬ್ಬೀನಾ?" ಎಂದ. "ಮೂರು ತಿಂಗಳಿಂದ ಆ ಡಾರ್ಕಸ್ ಬಣ್ಣದ ಪೆಟ್ಟಿಗೆ ಹಿಡ್ಕೊಂಡು ಇವನ ಮನೆಗೆ ಹೋಗ್ತಿರೋದು ಯಾಕೆ ಅಂತ ಈಗ ಗೊತ್ತಾಯ್ತು ನೋಡ್ರಪ್ಪ. ಚಿತ್ರಕ್ಕಲ್ಲ ಕಣ್ರೋ, ಹಕ್ಕಿಗೇ ಬಳಿದಿದಾಳೆ!"

ಹೋ ಎಂದು ಕೂಗೆದ್ದಿತು. ಜಾಬ್ ಮುಷ್ಟಿ ಎತ್ತಿದ, ನಾಲ್ಕು ಜನ ಹಿಡಿದುಕೊಂಡರು. ತೀರ್ಪುಗಾರ ಮಿಸ್ಟರ್ ಕ್ಯಾಚ್‌ಪೋಲ್ ಪಕ್ಕದ ಯಾರ್ಮತ್ ಊರಿನಿಂದ ಬಂದಿದ್ದ ಒಣಕಲು ಮನುಷ್ಯ. ಅವನು ಬಿಸಿನೀರು ತರಿಸಿ, ಬಿಳಿ ಕರವಸ್ತ್ರ ಅದ್ದಿ, ಜನರಲ್‌ನ ರೆಕ್ಕೆ ಒರೆಸಿದ. ಕರವಸ್ತ್ರ ಬೆಳ್ಳಗೇ ಇತ್ತು. "ಮಿಸೆಸ್ ಮೇಸ್, ಸ್ವಲ್ಪ ಜಿನ್ ಕೊಡಿ," ಎಂದ. ಜಿನ್ನಿನಲ್ಲಿ ಒರೆಸಿದ. ಆಗಲೂ ಬೆಳ್ಳಗೇ!

ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಗೂಚ್ ಮೇಜು ಗುದ್ದಿದ.

"ಅದು ಹೋಗಲ್ಲ ಸ್ವಾಮಿ! ನಮ್ಮತ್ತೆ ಮನೇಲಿ ಇವಳು ಬರೆದ ಬೆಕ್ಕಿದೆ. ನಮ್ಮತ್ತೆ ಅದನ್ನ ಪ್ರತಿ ಕ್ರಿಸ್‌ಮಸ್‌ಗೂ ಸೋಪು ಹಾಕಿ ತಿಕ್ಕಿ ತೊಳೀತಾಳೆ. ಮೀಸೆ ಸಹ ಹೋಗಿಲ್ಲ! ಇವಳ ಬಣ್ಣ ಜಿನ್ನಿಗೆ ಜಗ್ಗುತ್ತಾ?"

ನನ್ನ ಜನಕ್ಕೆ ಬುದ್ಧಿ ಇದ್ದಿದ್ದರೆ ನಗಬೇಕಿತ್ತು. ಎಲ್ಲರೂ ಹೌದಲ್ಲವೇ ಎಂದು ತಲೆಯಾಡಿಸಿದರು. ಒಬ್ಬೊಬ್ಬರ ಮನೆಯಲ್ಲೂ ಡಾರ್ಕಸ್ ಬರೆದ ನಾಯಿಯೋ ಬೆಕ್ಕೋ ಇತ್ತು, ಯಾವುದೂ ಮಾಸಿರಲಿಲ್ಲ. ಅವಳ ಒಳ್ಳೆಯ ಕೆಲಸವೇ ಅವಳ ಕುತ್ತಿಗೆಗೆ ಬಂತು!

"ಇನ್ಮೇಲೆ ಇವಳನ್ನ ಹಕ್ಕಿ ಇರೋ ಮನೆ ಹೊಸಿಲು ತುಳಿಯೋಕೆ ಬಿಡ್ಬೇಡಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಹಕ್ಕಿ ಇಲ್ಲದ ಮನೆ ನಮ್ಮೂರಿನಲ್ಲಿ ಎಲ್ಲಿದೆ?

ಕ್ಯಾಚ್‌ಪೋಲ್ ಕನ್ನಡಕ ಒರೆಸಿದ. "ಅನುಮಾನ ಉಳಿದ್ರೆ ಹಕ್ಕೀನ ಪಂದ್ಯದಿಂದ ತೆಗೀಬೇಕು, ಅದೇ ನಿಯಮ. ಮಿಸ್ಟರ್ ಲಾರ್ಟರ್, ಈ ಬಣ್ಣ ಹೇಗೆ ಬಂತು ಅಂತ ಹೇಳ್ತೀರಾ?"

ಜಾಬ್ ಬೆವೆತ. ಹೇಳಿದರೆ ಗುಟ್ಟು ನಾಳೆ ಇಡೀ ಊರಿನ ಪಾಲು, ಮುಂದಿನ ವರ್ಷ ಎಲ್ಲರ ಹಕ್ಕಿಯೂ ಕಿತ್ತಳೆ. ಹೇಳದಿದ್ದರೆ ಡಾರ್ಕಸ್ ಹೊಟ್ಟೆಗೆ ಕಲ್ಲು. "ದೇವರು ಕೊಟ್ಟಿದ್ದು," ಎಂದು ನೆಲ ನೋಡಿದ. ಹೇಡಿ! ಅಲ್ಲೇ ಜಗ್ಗು ಎತ್ತಿ ಅವನ ತಲೆಗೆ ಕುಕ್ಕೋಣ ಎನ್ನಿಸಿತು.

ಎಲ್ಲರೂ ಡಾರ್ಕಸ್ ಕಡೆ ತಿರುಗಿದರು. ಅವಳು ಜಾಬ್‌ನನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನೇರವಾಗಿ ನನ್ನ ಗಲ್ಲಾದ ಹಿಂದೆ ಬಂದು ಚಿತ್ರವನ್ನು ಎತ್ತಿಕೊಂಡಳು.

"ಪಂಜರ ಕಿಟಕಿ ಹತ್ರ ತನ್ನಿ," ಎಂದಳು.

ತಂದರು. ಅವಳು ಬಟ್ಟೆ ತೆಗೆದು ಚಿತ್ರವನ್ನು ಪಂಜರಕ್ಕೆ ಒರಗಿಸಿ ನಿಲ್ಲಿಸಿದಳು. ಬೆಳಿಗ್ಗೆ ನನ್ನ ಉಸಿರು ಕಟ್ಟಿಸಿದ್ದ ಆ ಚಿತ್ರ, ಹಕ್ಕಿಯ ಪಕ್ಕದಲ್ಲಿ ನಿಂತ ಕೂಡಲೇ ಮುಖ ಬಾಡಿತು. ಹಿಂದಿನ ದಿನ ಬೇಯಿಸಿಟ್ಟ ಕ್ಯಾರೆಟ್ಟಿನ ಬಣ್ಣ. ಆಕಾರ, ಕಣ್ಣು, ಕಾಲಿನ ಗೆಣ್ಣು ಎಲ್ಲ ಸರಿಯಿತ್ತು, ಬಣ್ಣ ಮಾತ್ರ ಸತ್ತಿತ್ತು. ಅಯ್ಯೋ, ಯಾಕೆ ಹೀಗೆ ಮಾಡಿದೆಯೇ ಎಂದುಕೊಂಡೆ. ಒಂಟಿಯಾಗಿ ಗೋಡೆಯ ಮೇಲೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ!

"ನೋಡಿ," ಎಂದಳು. "ಆಗಸ್ಟಿಂದ ಒದ್ದಾಡಿದೀನಿ. ಕಲಸಿದೆ, ಕೆರೆದೆ, ಮತ್ತೆ ಕಲಸಿದೆ. ಸಿಗಲಿಲ್ಲ. ಈ ಚಿತ್ರ ತಪ್ಪಾಗಿದೆ, ನಾನೇ ಹೇಳ್ತಿದೀನಿ. ಈ ಬಣ್ಣ ನನ್ನ ಪೆಟ್ಟಿಗೇಲಿ ಇದ್ದಿದ್ರೆ ಹಕ್ಕಿ ಮೈಗೆ ಯಾಕೆ ಹಚ್ಲಿ ಗೂಚ್? ನನ್ನ ಚಿತ್ರಕ್ಕೆ ಹಚ್ತಿರಲಿಲ್ವಾ?"

ಕ್ಯಾಚ್‌ಪೋಲ್ ಬಗ್ಗಿ ಹಕ್ಕಿಯನ್ನು ನೋಡಿದ, ಚಿತ್ರವನ್ನು ನೋಡಿದ, ಮತ್ತೆ ಹಕ್ಕಿಯನ್ನು ನೋಡಿದ.

"ಹೌದು," ಎಂದ. "ಇದು ಇವರ ಕೈಲಾಗೋ ಬಣ್ಣ ಅಲ್ಲ. ಹಕ್ಕೀಲಿ ಮೋಸ ಇಲ್ಲ. ಕೆಟಲು ಮಿಸ್ಟರ್ ಲಾರ್ಟರ್‌ಗೆ."

ಅಬ್ಬಾ, ಆ ಕೂಗು! ಸೂರಿನ ಧೂಳು ಉದುರಿತು. ಟೋಪಿಗಳು ಹಾರಿದವು, ಹಕ್ಕಿಗಳೆಲ್ಲ ಒಟ್ಟಿಗೆ ಅರಚಿದವು, ಯಾರೋ ನನ್ನ ಸ್ಟೂಲಿನ ಮೇಲೆ ಹತ್ತಿ ಕುಣಿದು ಅದರ ಕಾಲು ಮುರಿದರು. ಜಾಬ್ ಕೆಟಲನ್ನು ತಲೆಯ ಮೇಲೆ ಎತ್ತಿದ. ಆ ಗಲಾಟೆಯ ನಡುವೆ ಗೂಚ್‌ನ ಗಂಟಲು ಕೇಳಿತು.

"ಕೆಟಲು ತಗೋ, ಯಾರು ಬೇಡ ಅಂದ್ರು? ಆದ್ರೆ ಆ ಚಿತ್ರ ಮೇಲೆ ಹಾಕೋ ಹಾಗಿಲ್ಲ. ಬರೆದವಳೇ ತಪ್ಪು ಅಂದಿದಾಳೆ, ನೀವೆಲ್ಲ ಕೇಳಿದೀರಿ."

"ಸರಿಯಾಗಿ ಹೇಳ್ದೆ," ಎಂದಳು ಡಾರ್ಕಸ್. "ಹಾಕ್ಬೇಡಿ." ಚಿತ್ರಕ್ಕೆ ಬಟ್ಟೆ ಸುತ್ತತೊಡಗಿದಳು. ಇಷ್ಟು ವರ್ಷ ಆಸೆಪಟ್ಟ ಜಾಗ ಐದು ಹೆಜ್ಜೆ ದೂರದಲ್ಲಿತ್ತು. ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡೆ, ಹೇಳೋಕೆ ನಾಚಿಕೆ ಏನು, ಅತ್ತುಬಿಟ್ಟೆ.

ಆಗ ಜಾಬ್ ಒಂದು ಕೆಲಸ ಮಾಡಿದ. ಕೆಟಲನ್ನು ಕೆಳಗಿಟ್ಟ. ಪಂಜರ ಎತ್ತಿಕೊಂಡ. ನಮ್ಮಲ್ಲಿ ಗೆದ್ದ ಹಕ್ಕಿಯನ್ನು ಯಾರೂ ಒಡಹುಟ್ಟಿದವನ ಕೈಗೂ ಕೊಡುವುದಿಲ್ಲ, ಮುಟ್ಟಲೂ ಬಿಡುವುದಿಲ್ಲ. ಅವನು ಅದನ್ನು ತಂದು ಎಲ್ಲರೆದುರು ಡಾರ್ಕಸ್ ಮುಂದೆ ಹಿಡಿದ.

"ಏ ಹುಡುಗಿ, ಮನೆಗೆ ತಗೊಂಡು ಹೋಗು. ನಿನ್ನ ಮನೆಗೆ. ಬಣ್ಣ ಸಿಗೋವರೆಗೂ ಇಟ್ಕೊ."

"ಹುಚ್ಚಾ ನಿಂಗೆ ಜಾಬ್?"

"ಹೂಂ ಅನ್ನು, ಇಲ್ಲದಿದ್ರೆ ಮನಸ್ಸು ಬದಲಾಗುತ್ತೆ. ತಿನ್ನೋಕೆ ಬೇಯಿಸಿದ ಮೊಟ್ಟೆ ಕೊಡು, ಬಿಸ್ಕತ್ತಿನ ಪುಡಿ ಕೊಡು, ಆಮೇಲೆ..." ಅಲ್ಲಿಗೆ ನಿಲ್ಲಿಸಿದ. ಅಲ್ಲಿದ್ದವರ ಕಿವಿಯೆಲ್ಲ ಅವನ ಬಾಯಿಯ ಮೇಲಿತ್ತು. "ಇನ್ನುಳಿದಿದ್ದು ಮರ್ಸಿ ಬಂದು ಹೇಳ್ತಾಳೆ."

"ಬೇಡ," ಎಂದಳು ಡಾರ್ಕಸ್ ಮೆಲ್ಲಗೆ. "ಅದು ನನಗೆ ಗೊತ್ತು. ಸೆಪ್ಟೆಂಬರಿಂದ್ಲೂ ಗೊತ್ತು."

ಜಾಬ್‌ನ ಕೈ ಪಂಜರದ ಮೇಲೆ ಹಾಗೇ ನಿಂತಿತು. ಅವನ ಮುಖ ಕೆಂಪೇರಿತು, ಹಕ್ಕಿಗಿಂತ ಹೆಚ್ಚು. ಆಮೇಲೆ ಜನರ ಕಡೆ ತಿರುಗಿ, ಗಂಟಲು ಹರಿದುಹೋಗುವ ಹಾಗೆ ಕೂಗಿಬಿಟ್ಟ.

"ಮೆಣಸಿನಪುಡಿ ಕಣ್ರಯ್ಯಾ! ಕೇಳಿಸ್ತಾ ಗೂಚ್? ಕೆಂಪು ಮೆಣಸಿನಪುಡಿ ತಿನ್ನಿಸ್ದೆ ನಾನು! ಇವಳಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ, ನೀವು ಕಳ್ಳಿ ಅಂದ್ರೂ, ನನ್ನ ಮಾನ ಕಾಪಾಡಿದಾಳೆ. ನಾನು ನೆಲ ನೋಡ್ಕೊಂಡು ನಿಂತಿದ್ದೆ. ಥೂ ನನ್ನ ಜನ್ಮಕ್ಕೆ!"

ಗೂಚ್ ಟೋಪಿ ತೆಗೆದು ಕೈಯಲ್ಲಿ ತಿರುವಿದ. ಡಾರ್ಕಸ್‌ಳ ಕ್ಷಮೆ ಕೇಳುತ್ತಾನೇನೋ ಎಂದು ನಾನು ಕಾದೆ.

"ಒಂದು ಮೊಟ್ಟೆಗೆ ಎಷ್ಟು ಪುಡಿ?" ಎಂದ.

ಪಡಖಾನೆ ಬಿದ್ದೂ ಬಿದ್ದೂ ನಕ್ಕಿತು, ಜಾಬ್ ಸಹ. ಎಲ್ಲರೂ ಅವನನ್ನು ಮುತ್ತಿಕೊಂಡರು, ಎಷ್ಟು, ಯಾವಾಗ, ಒಣದೋ ನೆನೆಸಿದ್ದೋ ಎಂದು. ಡಾರ್ಕಸ್ ಹೊರಟದ್ದು ಯಾರಿಗೂ ಕಾಣಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಪಂಜರಕ್ಕೆ ತನ್ನ ಶಾಲು ಹೊದಿಸಿ, ಚಿತ್ರವನ್ನು ಕಂಕುಳಲ್ಲಿ ಅವುಚಿಕೊಂಡು, ಆ ಚಳಿಯಲ್ಲಿ ಬರಿ ತೋಳಿನಲ್ಲಿ ಬೀದಿಯುದ್ದಕ್ಕೂ ಓಡುತ್ತಿದ್ದಳು. ಬೆಳಕು ಹೋಗಲು ಇನ್ನು ಒಂದೆರಡು ಗಂಟೆ ಇತ್ತಷ್ಟೆ.

ನಾನು ಬೆಂಕಿಗೂಡಿನ ಹತ್ತಿರ ಹೋಗಿ ಸಿಲ್ಲಿಸ್ ಬರೆದ ಹಕ್ಕಿಯನ್ನು ಮೊಳೆಯಿಂದ ಇಳಿಸಿದೆ.

"ಏ ಹ್ಯಾನಾ, ಏನ್ ಮಾಡ್ತಿದೀಯ?" ಎಂದ ಗೂಚ್.

"ಜಾಗ ಮಾಡ್ತಿದೀನಿ," ಎಂದು ಒದ್ದೆ ಬಟ್ಟೆ ತಂದು ಗೋಡೆಯ ಮಸಿ ಒರೆಸಿದೆ.